ಮೈಸೂರು ಜಿಲ್ಲೆಗೆ ಟಿಬೆಟನ್ ವಿದ್ವಾಂಸರ ವಲಸೆ

1959ರ ಅನಂತರ ಟಿಬೆಟ್ಟಿನ ರಾಜಕೀಯ ಪರಿಸ್ಥಿತಿಯಿಂದಾಗಿ ದೇಶ ತೊರೆದ ಬೌದ್ಧ ಪಂಡಿತರು ಮತ್ತು ಅಧ್ಯಾಪಕರಲ್ಲಿ ಹಲವರು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ಹಾಗೂ ಹುಣಸೂರು ತಾಲ್ಲೂಕುಗಳಲ್ಲಿ ನೆಲೆಸಿದರು. ಅವರು ಇಲ್ಲಿ ಪುನಃ ಸ್ಥಾಪಿಸಿದ ಸೆರಾ, ತಾಷಿ ಲುನ್ಪೊ, ಗ್ಯುಮೆದ್ ಮೊದಲಾದ ವಿದ್ಯಾಪೀಠಗಳು ಟಿಬೆಟನ್ ಬೌದ್ಧ ಅಧ್ಯಯನದ ಪ್ರಮುಖ ಕೇಂದ್ರಗಳಾಗಿವೆ.

ಹಿನ್ನೆಲೆ

ಟಿಬೆಟ್ಟಿನಲ್ಲಿ ದೊಡ್ಡ ಮಠಗಳೇ ವಿಶ್ವವಿದ್ಯಾಲಯಗಳಾಗಿದ್ದವು. ಲಾಸಾ ಸಮೀಪದ ಸೆರಾ ಮಠವು 1419ರಲ್ಲಿ ಸ್ಥಾಪಿತವಾಯಿತು. ಪ್ರಮಾಣಶಾಸ್ತ್ರ, ಪ್ರಜ್ಞಾಪಾರಮಿತಾ, ಮಧ್ಯಮಕ, ಅಭಿಧರ್ಮ ಮತ್ತು ವಿನಯ ಎಂಬ ಐದು ವಿಷಯಗಳಲ್ಲಿ ಹದಿನೈದಕ್ಕೂ ಹೆಚ್ಚು ವರ್ಷ ಅಧ್ಯಯನ ನಡೆಸಿದವರಿಗೆ ಅಲ್ಲಿ ‘ಗೆಶೆ’ ಪದವಿ ದೊರೆಯುತ್ತಿತ್ತು. ಕಂಠಪಾಠ ಮತ್ತು ತರ್ಕಸಭೆ ಈ ಶಿಕ್ಷಣದ ಆಧಾರಗಳಾಗಿದ್ದುದರಿಂದ ಗುರುಗಳ ಸಂತತಿ ಕಡಿದರೆ ವಿದ್ಯೆಯೂ ಕಡಿಯುವ ಸಾಧ್ಯತೆಯಿತ್ತು.

1959ರ ಮಾರ್ಚ್ 10ರಂದು ಲಾಸಾದಲ್ಲಿ ಚೀನಾದ ಆಡಳಿತದ ವಿರುದ್ಧ ದಂಗೆ ಆರಂಭವಾಯಿತು. ಮಾರ್ಚ್ 17ರಂದು ಲಾಸಾ ಬಿಟ್ಟ ಹದಿನಾಲ್ಕನೆಯ ದಲಾಯಿ ಲಾಮಾ ಅದೇ ತಿಂಗಳ 31ರಂದು ಭಾರತ ಪ್ರವೇಶಿಸಿದರು. ಅವರನ್ನು ಅನುಸರಿಸಿ ಸಹಸ್ರಾರು ಜನರು ಹಿಮಾಲಯ ದಾಟಿದರು. ಸೆರಾ, ದ್ರೆಪುಂಗ್ ಮತ್ತು ಗಾಂದೆನ್ ಮಠಗಳ ಸುಮಾರು 1,500 ಭಿಕ್ಷುಗಳನ್ನು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಇರಿಸಲಾಯಿತು. ಬ್ರಿಟಿಷರ ಕಾಲದಲ್ಲಿ ಬಂದೀಖಾನೆಯಾಗಿದ್ದ ಆ ಶಿಬಿರದಲ್ಲಿ ಕ್ಷಯರೋಗ ಹರಡಿ ಅನೇಕರು ಮೃತಪಟ್ಟರು. ಆದರೂ ಪಾಠಪ್ರವಚನಗಳು ನಡೆದೇ ಇದ್ದವು.

ಮೈಸೂರು ಜಿಲ್ಲೆಯಲ್ಲಿ ನೆಲೆ

ಅಂದಿನ ಮೈಸೂರು ರಾಜ್ಯ ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಒದಗಿಸಿತು. 1960–61ರಲ್ಲಿ ಅಲ್ಲಿ ಲುಗ್ಸುಂಗ್ ಸಮ್ದುಪ್ಲಿಂಗ್ ಎಂಬ ವಸತಿ ಆರಂಭವಾಯಿತು. 1969ರಲ್ಲಿ ಡಿಕ್ಯಿ ಲಾರ್ಸೊ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗ್ಯೇಲಿಂಗ್ ವಸತಿಗಳು ರೂಪುಗೊಂಡವು. ಮೊದಲು ಬಂದವರು ಕಾಡು ಕಡಿದು ಹೊಲ ಮಾಡಿಕೊಂಡರು. ಮುಸುಕಿನ ಜೋಳ ಅವರ ಮುಖ್ಯ ಬೆಳೆಯಾಯಿತು.

1970ರ ವೇಳೆಗೆ ಸೆರಾದ ಸುಮಾರು 300 ಭಿಕ್ಷುಗಳು ಬಕ್ಸಾದಿಂದ ಬೈಲಕುಪ್ಪೆಗೆ ಬಂದರು. ಇವರು ಹಗಲು ಹೊಲದಲ್ಲಿ ದುಡಿಯುತ್ತಲೇ ಸೆರಾ ಜೇ ಮತ್ತು ಸೆರಾ ಮೇ ವಿದ್ಯಾಲಯಗಳನ್ನು ಮತ್ತೆ ಕಟ್ಟಿದರು. 1972ರಲ್ಲಿ ತಾಷಿ ಲುನ್ಪೊ ಮಠವು ಬೈಲಕುಪ್ಪೆಯಲ್ಲಿ ಪುನಃ ಆರಂಭವಾಯಿತು. 1433ರಲ್ಲಿ ಸ್ಥಾಪನೆಗೊಂಡಿದ್ದ ಗ್ಯುಮೆದ್ ತಂತ್ರಶಾಸ್ತ್ರ ವಿದ್ಯಾಲಯವು ಗುರುಪುರದಲ್ಲಿ ನೆಲೆಗೊಂಡಿತು.

ನ್ಯಿಂಗ್ಮಾ ಪಂಥದ ಪೆನೋರ್ ರಿನ್ಪೋಚೆ 1963ರಲ್ಲಿ ಬೈಲಕುಪ್ಪೆಯಲ್ಲಿ ನಾಮ್ಡ್ರೋಲಿಂಗ್ ಮಠವನ್ನು ಸ್ಥಾಪಿಸಿದರು. ಅವರ ಪರಂಪರೆಯ ವೃತ್ತಾಂತದಂತೆ, ಅವರೊಡನೆ ಹೊರಟ ಸುಮಾರು 300 ಜನರಲ್ಲಿ 30 ಮಂದಿ ಮಾತ್ರ ಭಾರತ ತಲುಪಿದರು. ಬಿದಿರಿನ ಗುಡಿಯಿಂದ ಆರಂಭವಾದ ಈ ಮಠದ ಸ್ವರ್ಣಮಂದಿರವು 1999ರಲ್ಲಿ ಪ್ರತಿಷ್ಠಾಪನೆಗೊಂಡಿತು.

ಮುಂದಿನ ವಲಸೆ

ಎಲ್ಲ ವಿದ್ವಾಂಸರೂ ಭಾರತದಲ್ಲಿ ಉಳಿಯಲಿಲ್ಲ. ಸೆರಾ ಜೇ ವಿದ್ಯಾಲಯದ ಗೆಶೆ ಲುಂಡುಪ್ ಸೋಪಾ 1962ರಲ್ಲಿ ಅಮೆರಿಕಕ್ಕೆ ತೆರಳಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಅಮೆರಿಕದ 1990ರ ವಲಸೆ ಕಾಯಿದೆಯು ಭಾರತ ಮತ್ತು ನೇಪಾಳದಲ್ಲಿದ್ದ 1,000 ಟಿಬೆಟನ್ನರಿಗೆ ವೀಸಾ ಕಲ್ಪಿಸಿತು. ಮುಂದೆ ಅವರ ಕುಟುಂಬಗಳೂ ಅಲ್ಲಿಗೆ ತೆರಳಿದವು. ಇದರೊಂದಿಗೆ ಭಾರತದ ವಸತಿಗಳಿಂದ ವಿದ್ಯಾವಂತ ಯುವಜನರ ನಿರ್ಗಮನ ಹೆಚ್ಚಿತು.

ಬಹುತೇಕ ನಿವಾಸಿಗಳು ವಿದೇಶಿಯರ ನೋಂದಣಿ ಪತ್ರದ ಮೇಲೆ ವಾಸಿಸುವುದರಿಂದ ಸರ್ಕಾರಿ ಉದ್ಯೋಗ ಮತ್ತು ಆಸ್ತಿ ಒಡೆತನಕ್ಕೆ ಅಡೆತಡೆಗಳಿವೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಜನಿಸಿದ ಟಿಬೆಟನ್ನರು ಜನ್ಮತಃ ಭಾರತೀಯ ಪೌರರೆಂಬುದನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಎತ್ತಿಹಿಡಿಯಿತು.

2008ರ ಬಳಿಕ ಟಿಬೆಟ್ಟಿನಿಂದ ಬರುವವರ ಸಂಖ್ಯೆ ತೀವ್ರವಾಗಿ ಕುಸಿದಿದೆ. ಲಡಾಖ್, ಅರುಣಾಚಲ ಪ್ರದೇಶ, ನೇಪಾಳ ಮತ್ತು ಭೂತಾನ್ ಮೊದಲಾದ ಹಿಮಾಲಯ ಪ್ರದೇಶಗಳ ವಿದ್ಯಾರ್ಥಿಗಳೂ ಈ ಮಠಗಳಲ್ಲಿ ವ್ಯಾಸಂಗ ಮಾಡುತ್ತಿದ್ದಾರೆ.