ಕಬ್ಬು, ಚೀಟಿ, ಬಾಗಿಲಲ್ಲಿ ನಿಂತ ಮನುಷ್ಯ

ಗೂಡಲೂರಿನಲ್ಲಿ ಬೆಳೆದ ನಮಗೆ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಘಟ್ಟ ಹತ್ತಿ ಕುಮಳಿ ಸೇರಿದರೆ ಮಲಯಾಳ. ದೇವರಿಗೆ ಮೂರೂ ಬರುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆಡಿದ ಮಾತು ಅವನದೇ ಎಂದು ತಿಳಿಯುವುದು ಹೇಗೆ ಎನ್ನುವಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ.

ಕಂಬಂನ ಕನ್ನಡ ಮಾತಿನ ಕಪ್ಪಿಲಿಯರ ದಾರಿಯನ್ನು ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ನಂದಗೋಪಾಲಸ್ವಾಮಿಯ ಹಿಂಡಿನ ಪಟ್ಟದ ಹೋರಿ ತೀರಿಕೊಂಡರೆ, ಶುಭದಿನದಲ್ಲಿ ಹಿಂಡನ್ನೆಲ್ಲ ಕೂಡಿಸಿ, ಕರ್ಪೂರ ಬೆಳಗಿ, ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಜನ ಉಸಿರು ಬಿಗಿಹಿಡಿದು ನೋಡುತ್ತಿರುತ್ತಾರೆ. ತಾನಾಗಿ ಮುಂದೆ ಬಂದು ಕಬ್ಬಿಗೆ ಬಾಯಿ ಹಾಕಿದ ಹೋರಿಗೇ ಪಟ್ಟ.

ನಮ್ಮ ಪಕ್ಕದ ಮನೆಯ ಟೀಚರಮ್ಮ ತಮಿಳು ಕ್ರೈಸ್ತರು. ಹೊಸವರ್ಷದ ನಡುರಾತ್ರಿಯ ಆರಾಧನೆ ಮುಗಿಸಿ, ತಟ್ಟೆಯಿಂದ ಆರಿಸಿದ ವಾಗ್ದಾನದ ಚೀಟಿಯೊಂದನ್ನು ತಂದು ಗೋಡೆಗೆ ಅಂಟಿಸುತ್ತಿದ್ದರು. ಆ ವರ್ಷಕ್ಕೆ ದೇವರು ತಮಗೆ ಕೊಟ್ಟ ಮಾತು ಅದು. ಹೋರಿಗೂ ಚೀಟಿಗೂ ಏನು ವ್ಯತ್ಯಾಸವೆಂದು ನಾನು ಹುಡುಗುಬುದ್ಧಿಯಿಂದ ಕೇಳಿದ್ದುಂಟು. ಅವರು ಬೇಸರಿಸಿಕೊಳ್ಳಲಿಲ್ಲ.

ಈ ಚೀಟಿಗೆ ಹೋಲುವ ಹಳೆಯ ಪದ್ಧತಿಯೊಂದು ಜರ್ಮನಿಯಲ್ಲಿದೆ. ಹೆರ್ನ್‌ಹುಟ್ ಎಂಬ ಊರಿನ ಮೊರೇವಿಯನ್ ಸಭೆಯಲ್ಲಿ 1728ರಲ್ಲಿ ದಿನಕ್ಕೊಂದು ವಾಕ್ಯ ಕೊಡುವ ರೂಢಿ ಆರಂಭವಾಗಿ, 1731ರಿಂದ ಅದು ಪುಸ್ತಕವಾಗಿ ಬರುತ್ತಿದೆ. ಹಳೆಯ ಒಡಂಬಡಿಕೆಯ ವಾಕ್ಯವನ್ನು ಇಂದಿಗೂ ಚೀಟಿ ಎತ್ತಿಯೇ ಆರಿಸುತ್ತಾರೆ. ಅದರ ಜೊತೆಗೆ ಬರುವ ಹೊಸ ಒಡಂಬಡಿಕೆಯ ವಾಕ್ಯವನ್ನು ಮಾತ್ರ ಚೀಟಿಗೆ ಬಿಡುವುದಿಲ್ಲ. ಮನುಷ್ಯರೇ ಯೋಚಿಸಿ ಹೊಂದಿಸುತ್ತಾರೆ. ಒಂದು ಕಾಲಕ್ಕೆ ಆ ಸಭೆಯವರು ಮದುವೆಗಳನ್ನೂ ಚೀಟಿಯಿಂದಲೇ ನಿಶ್ಚಯಿಸುತ್ತಿದ್ದರು. 19ನೆಯ ಶತಮಾನದಲ್ಲಿ ಅದನ್ನು ಕೈಬಿಟ್ಟರು. ಕೈಬಿಟ್ಟದ್ದೇ ಒಳ್ಳೆಯದಾಯಿತೆಂದು ನನ್ನ ಅಭಿಪ್ರಾಯ.

ಕನ್ನಡ ನಾಡಿನಲ್ಲಿ ಇದಕ್ಕಿಂತ ಕಠಿಣವಾದ ಪ್ರಸಂಗವೊಂದು ನಡೆದಿದೆ. ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದವನು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವನು. 1852ರ ಹೊತ್ತಿಗೆ ದೇಹ ಸೋತು, ಊರಿಗೆ ಮರಳುವ ಸಿದ್ಧತೆಯಲ್ಲಿದ್ದ. ಆಗ ಕೊಡಗಿನ ಅಲ್ಮಂಡ ಮನೆತನದ ಸೋಮಯ್ಯ ಬಂದು ಉಪದೇಶ ಬೇಡಿದ. ಬಾಸೆಲಿನವರು ಕೊಡಗನ್ನು ಅಲ್ಲಿಯವರೆಗೆ ತಮ್ಮ ಕ್ಷೇತ್ರವಾಗಿ ಹಿಡಿದಿರಲಿಲ್ಲ. ಆದರೂ ಮೋಗ್ಲಿಂಗ್ ಇದನ್ನು ದೇವರ ಕರೆಯೆಂದು ತಿಳಿದ, ಪ್ರಯಾಣ ಬಿಟ್ಟ. 1853ರಲ್ಲಿ ಸೋಮಯ್ಯನಿಗೆ ದೀಕ್ಷಾಸ್ನಾನವಾಯಿತು, ಮೋಗ್ಲಿಂಗ್ ಕೊಡಗಿಗೆ ಹೋದ. ಅವನು ಸ್ವದೇಶಕ್ಕೆ ಮರಳಿದ್ದು 1860ರಲ್ಲಿ.

ಮತಾಂತರದ ವಾದವನ್ನು ಇಲ್ಲಿ ಎತ್ತುವುದಿಲ್ಲ. ನನ್ನ ಗಮನಕ್ಕೆ ಬಂದದ್ದು ಬೇರೆ. ಕರೆಯೆಂದು ಅವನು ಹಿಡಿದದ್ದು ಅವನ ಆಸೆಗೆ ಎದುರಾಗಿತ್ತು. ಕೇಳಿಸಿದ ಮಾತು ನಮಗೆ ಬೇಕಾದದ್ದನ್ನೇ ಹೇಳಿದರೆ ಅದು ಯಾರ ಮಾತು ಎಂಬ ಸಂಶಯ ಉಳಿಯುತ್ತದಲ್ಲ!

ಟೀಚರಮ್ಮನಿಗೂ ಆ ಸಂಶಯ ಬಂದಿತ್ತು. ಒಬ್ಬನೇ ಮಗನಿಗೆ ಮುಂಬಯಿಯಲ್ಲಿ ಕೆಲಸ ಸಿಕ್ಕಿದ ವರ್ಷ, ಅವರ ಚೀಟಿಯಲ್ಲಿ ‘ನೆಲೆಸಿರು’ ಎಂಬರ್ಥದ ಮಾತು ಬಂತು. ವಿಧವೆ ತಾಯಿಗೆ ಬೇರೆ ಏನು ಬೇಕು? ಮಗನ ಕೈಗೆ ಅದನ್ನು ಕೊಟ್ಟುಬಿಟ್ಟಿದ್ದರೆ ಅವನು ಊರು ಬಿಡುತ್ತಿರಲಿಲ್ಲ. ಅವರು ಕೊಡಲಿಲ್ಲ. ಅಕ್ಕನನ್ನು ಕೇಳಿದರು, ಪಾದ್ರಿಯವರನ್ನು ಕೇಳಿದರು, ಮೂರು ವಾರ ಪ್ರಾರ್ಥಿಸಿದರು. ಕೊನೆಗೆ ಮಗನ ಪೆಟ್ಟಿಗೆಯನ್ನು ತಾವೇ ಕಟ್ಟಿದರು.

“ಚೀಟಿಯಲ್ಲಿ ಬಂದದ್ದು ಸುಳ್ಳಾ ಟೀಚರಮ್ಮಾ?” ಎಂದೆ.

“ವಾಕ್ಯ ದೇವರದು ತಂಬಿ. ಅದನ್ನು ಬಾಗಿಲಿಗೆ ಅಗುಳಿ ಮಾಡಲು ಹೊರಟದ್ದು ನನ್ನ ಆಸೆ” ಎಂದರು.

ಭಾಷೆಯ ಮಾತೊಂದು ನೆನಪಾಗುತ್ತದೆ. ಯೋಹಾನನ ಸುವಾರ್ತೆಯ ಆರಂಭದಲ್ಲಿ ಬರುವ ಆ ಪದಕ್ಕೆ ಕನ್ನಡ ಬೈಬಲಿನಲ್ಲಿ ‘ವಾಕ್ಯ’, ಮಲಯಾಳದಲ್ಲಿ ‘ವಚನಂ’, ತಮಿಳಿನಲ್ಲಿ ‘ವಾರ್ತೈ’. ವಚನವೆಂದರೆ ನಮಗೆ ಬಸವಣ್ಣನವರ ನೆನಪು. ವಾರ್ತೆಯೆಂದರೆ ಕನ್ನಡಿಗರಿಗೂ ಮಲಯಾಳಿಗಳಿಗೂ ಸುದ್ದಿ. ಟೀಚರಮ್ಮ ತಮಿಳಿನಲ್ಲಿ “ಇವತ್ತಿನ ವಾರ್ತೈ” ಎಂದಾಗಲೆಲ್ಲ, ಮುಂಬಯಿಯಿಂದ ಕಾಗದ ಬಂದಿತೆಂದು ನಮ್ಮ ತಾಯಿ ಅಂಗಳಕ್ಕೆ ಓಡುತ್ತಿದ್ದರು.