ಚಿತ್ರಗಳ ಸ್ವಾಮ್ಯ ಮತ್ತು ಚರಿತ್ರಕಾರನ ಹೊಣೆ

ಹಿಂದೆ ದೂರದ ಗ್ರಂಥಭಂಡಾರಗಳಿಗೆ ಹೋಗಿ ನೋಡಬೇಕಾಗಿದ್ದ ಪಟಗಳು ಇಂದು ಅಂತರಜಾಲದ ದೆಸೆಯಿಂದ ಕುಳಿತಲ್ಲಿಯೇ ದೊರೆಯುತ್ತವೆ. ಆದರೆ ದೊರೆತುದೆಲ್ಲವೂ ಬಳಕೆಗೆ ಅರ್ಹವಲ್ಲ. ‘ಉಚಿತ’ ಎಂಬ ಮಾತಿಗೆ ಬೆಲೆಯಿಲ್ಲದ್ದು ಎಂಬ ಅರ್ಥವೂ ಯೋಗ್ಯವಾದುದು ಎಂಬ ಅರ್ಥವೂ ಉಂಟು. ಚಿತ್ರಗಳ ವಿಷಯದಲ್ಲಿ ಮೊದಲನೆಯದರಿಂದ ಎರಡನೆಯದು ಸಿದ್ಧಿಸುವುದಿಲ್ಲ. ಚಿತ್ರದ ಸ್ವಾಮ್ಯವನ್ನು ವಿಚಾರಿಸುವುದೂ ಅದರ ಪ್ರಾಮಾಣ್ಯವನ್ನು ವಿಚಾರಿಸುವುದೂ ಒಂದೇ ಕಾರ್ಯದ ಎರಡು ಮುಖಗಳೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಇಂಗ್ಲೆಂಡಿನಲ್ಲಿ ಅಚ್ಚಿನ ಚಿತ್ರಗಳಿಗೆ ಶಾಸನದ ರಕ್ಷಣೆ ದೊರೆತದ್ದು 1735ರಲ್ಲಿ. ತಮ್ಮ ಚಿತ್ರಗಳನ್ನು ಪರರು ನಕಲುಮಾಡಿ ಮಾರುವುದನ್ನು ಸಹಿಸದೆ ವಿಲಿಯಂ ಹೊಗಾರ್ತ್ ಮೊದಲಾದ ಕಲಾವಿದರು ಪಾರ್ಲಿಮೆಂಟಿಗೆ ಮೊರೆಯಿಟ್ಟುದರ ಫಲವಿದು. ಸ್ವಾಮ್ಯದ ಅವಧಿ 14 ವರ್ಷ. 1767ರಲ್ಲಿ ಅದು 28 ವರ್ಷವಾಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಒಡೆಯನ ಹೆಸರನ್ನೂ ಪ್ರಕಟಣೆಯ ದಿನಾಂಕವನ್ನೂ ಪ್ರತಿಯೊಂದು ಫಲಕದ ಮೇಲೆ ಕೆತ್ತತಕ್ಕದ್ದೆಂದು ಶಾಸನವು ವಿಧಿಸಿತು. ವ್ಯಾಪಾರಿಯ ಹಕ್ಕನ್ನು ಕಾಯಲು ಹುಟ್ಟಿದ ಆ ಸಾಲು ಇಂದು ಅಂಥ ಪಟಗಳ ಕಾಲನಿರ್ಣಯಕ್ಕೆ ಆಧಾರವಾಗಿದೆ.

ನಮ್ಮ ನಾಡಿಗೆ ಸಂಬಂಧಿಸಿದ ನಿದರ್ಶನವೊಂದನ್ನು ನೋಡಬಹುದು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆಯೊಡನೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಬರೆದ ದೃಶ್ಯಗಳು 1794ರಲ್ಲಿ ಲಂಡನ್ನಿನಲ್ಲಿ ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’ ಎಂಬ ಹೆಸರಿನಲ್ಲಿ ಕೆತ್ತನೆಯ ಪಟಗಳಾಗಿ ಹೊರಬಂದವು. 28 ವರ್ಷಗಳ ಲೆಕ್ಕದಂತೆ ಅವುಗಳ ಸ್ವಾಮ್ಯ 1822ರಲ್ಲಿಯೇ ಮುಗಿಯಿತು. ಅವು ಇಂದು ಸರ್ವರ ಸ್ವತ್ತು.

ಛಾಯಾಚಿತ್ರಗಳ ವಿಷಯ ಇಷ್ಟು ಸರಳವಲ್ಲ. ಬ್ರಿಟನ್ನಿನಲ್ಲಿ ಅವುಗಳಿಗೆ 1862ರ ಶಾಸನದಿಂದ ಸ್ವಾಮ್ಯ ಬಂದಿತು. ಭಾರತದಲ್ಲಿ 1914ರ ಶಾಸನವು ಮೂಲ ನೆಗೆಟಿವ್ ಸಿದ್ಧವಾದಂದಿನಿಂದ 50 ವರ್ಷಗಳ ಅವಧಿಯನ್ನು ಗೊತ್ತುಪಡಿಸಿತು. 1957ರ ಶಾಸನವು ಪ್ರಕಟಣೆಯಿಂದ 50 ವರ್ಷವೆಂದಿತು. 1992ರ ತಿದ್ದುಪಡಿ ಅದನ್ನು 60ಕ್ಕೆ ಏರಿಸಿತು. 2012ರ ತಿದ್ದುಪಡಿಯ ಬಳಿಕ ಛಾಯಾಗ್ರಾಹಕನ ಜೀವಿತಾವಧಿಯೂ ಅನಂತರದ 60 ವರ್ಷಗಳೂ ಸೇರಿವೆ. ಪಿಗೂ, ನೀಲ್, ಬಿಗ್ಸ್ ಎಂಬವರು ತೆಗೆದು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕರೂಪವಾಗಿ ಬಂದ ಧಾರವಾಡ ಮತ್ತು ಮೈಸೂರು ಸೀಮೆಗಳ ದೇವಾಲಯಚಿತ್ರಗಳು ಸ್ವಾಮ್ಯದ ಅವಧಿಯನ್ನು ದಾಟಿ ಬಹುಕಾಲವಾಗಿದೆ. ಆದರೆ ಅದೇ ದೇವಾಲಯವನ್ನು ಕಳೆದ ವರ್ಷ ಒಬ್ಬರು ಚಿತ್ರಿಸಿದ್ದರೆ ಆ ಚಿತ್ರದ ಸ್ವಾಮ್ಯ ಅವರದು. ಗುಡಿ ಹಳೆಯದಾದ ಮಾತ್ರಕ್ಕೆ ಪಟವೂ ಹಳೆಯದಾಗದು.

ಹೊಸ ಚಿತ್ರಗಳಿಗೆ ಒಡೆಯನ ಅನುಮತಿ ಬೇಕು. ಅದನ್ನು ಮುಂಗಡವಾಗಿಯೇ ಸರ್ವರಿಗೂ ನೀಡುವ ಪದ್ಧತಿಯೊಂದು ಈಗ ರೂಢಿಯಲ್ಲಿದೆ. 2001ರಲ್ಲಿ ಸ್ಥಾಪಿತವಾದ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯು 2002ರಲ್ಲಿ ತನ್ನ ಪರವಾನಗಿಗಳನ್ನು ಪ್ರಕಟಿಸಿತು. ಕರ್ತೃವಿನ ಹೆಸರನ್ನು ಹೇಳುವುದು, ಅದೇ ಷರತ್ತಿನಲ್ಲಿ ಹಂಚುವುದು, ವ್ಯಾಪಾರಕ್ಕೆ ಬಳಸದಿರುವುದು, ಮಾರ್ಪಡಿಸದಿರುವುದು ಎಂಬ ನಾಲ್ಕು ಷರತ್ತುಗಳ ಸಂಯೋಜನೆಯಿಂದ ಇವು ಆಗಿವೆ. 2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್ ಭಂಡಾರದಲ್ಲಿ ಪ್ರತಿಯೊಂದು ಚಿತ್ರದೊಡನೆ ಅದರ ಪರವಾನಗಿಯನ್ನೂ ಕಾಣಬಹುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು 2017ರಲ್ಲಿ ಸುಮಾರು 3,75,000 ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ಬಿಟ್ಟುಕೊಟ್ಟಿತು. ಪಾಠದ ಸಂದರ್ಭದಲ್ಲಿ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಮ್ಮ 1957ರ ಶಾಸನವೇ ವಿನಾಯಿತಿ ನೀಡಿದೆ. ಆದರೆ ತರಗತಿಯ ಈ ವಿನಾಯಿತಿಯನ್ನು ಮಾರಾಟದ ಪುಸ್ತಕಕ್ಕೆ ಅನ್ವಯಿಸಲಾಗದು.

ಇದು ಕೇವಲ ಕಾನೂನಿನ ಮಾತೆಂದು ಭಾವಿಸಬಾರದು. ‘ಟಿಪ್ಪು ಸುಲ್ತಾನನ ನಿಜವಾದ ಛಾಯಾಚಿತ್ರ’ ಎಂಬ ಪಟವೊಂದು ಕೆಲವು ವರ್ಷಗಳ ಹಿಂದೆ ವ್ಯಾಪಕವಾಗಿ ಹರಡಿತು. ಟಿಪ್ಪು ಮಡಿದದ್ದು 1799ರಲ್ಲಿ. ಛಾಯಾಗ್ರಹಣದ ವಿಧಾನವು ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಆ ಪಟ ವಾಸ್ತವವಾಗಿ 1905ರಲ್ಲಿ ತೀರಿಕೊಂಡ, ಜಾಂಜಿಬಾರಿನ ದಂತ ಮತ್ತು ಗುಲಾಮರ ವ್ಯಾಪಾರಿ ಟಿಪ್ಪು ಟಿಪ್ ಎಂಬಾತನದು. ತೆಗೆದವರಾರು, ಎಂದು, ಎಲ್ಲಿ ರಕ್ಷಿತವಾಗಿದೆ ಎಂಬ ಪ್ರಶ್ನೆಗಳನ್ನು ಸ್ವಾಮ್ಯದ ಸಲುವಾಗಿ ಕೇಳಿದ್ದರೂ ಸಾಕಿತ್ತು, ಈ ಪ್ರಮಾದ ಬಯಲಾಗುತ್ತಿತ್ತು.

ಆದುದರಿಂದ ಪ್ರಬಂಧಗಳಲ್ಲಿ ಚಿತ್ರವನ್ನು ಬಳಸುವವರು ಅದರ ಅಡಿಯಲ್ಲಿ ಕರ್ತೃ, ವರ್ಷ, ಮೂಲಪ್ರತಿಯಿರುವ ಸ್ಥಳ, ಪರವಾನಗಿ ಎಂಬ ನಾಲ್ಕನ್ನು ನಮೂದಿಸುವುದು ಅವಶ್ಯಕ. ‘ಅಂತರಜಾಲದಿಂದ’ ಎಂಬುದು ಆಕರವಲ್ಲ. ಶಾಸನವನ್ನು ತೇದಿಯಿಲ್ಲದೆ ಉದ್ಧರಿಸಲು ಹಿಂಜರಿಯುವ ನಾವು ಚಿತ್ರಕ್ಕೂ ಅದೇ ನಿಯಮವನ್ನು ಅನ್ವಯಿಸುವುದು ನ್ಯಾಯ.