ಉದರರೋಗ ತಜ್ಞರ ಸಂಘ: ಏನು ಮಾಡುತ್ತದೆ, ಏನು ಮಾಡುವುದಿಲ್ಲ?

ಮಡಗಾಂವ್: ಕಾರವಾರ, ಮಾಜಾಳಿ, ಕಾಣಕೋಣ ಕಡೆಯಿಂದ ಹೊಟ್ಟೆಯ ತೊಂದರೆಗೆಂದು ರೈಲು, ಬಸ್ಸು ಹಿಡಿದು ಮಡಗಾಂವ್‌ಗೆ ಬರುವವರಿದ್ದಾರೆ. ತಜ್ಞ ವೈದ್ಯರ ಕ್ಲಿನಿಕ್ಕಿನ ಗೋಡೆಯ ಮೇಲೆ ಪದವಿಗಳ ಜೊತೆಗೆ ಯಾವುದೋ ಸಂಘದ ಸದಸ್ಯತ್ವ ಪತ್ರವೂ ತೂಗುತ್ತಿರುತ್ತದೆ. ಈ ಸಂಘಗಳ ಕೆಲಸವೇನು? ರೋಗಿಗೆ ಅದರಿಂದ ಏನು ಪ್ರಯೋಜನ?

ಹಿನ್ನೆಲೆ

ಜಠರ, ಕರುಳು, ಪಿತ್ತಕೋಶ, ಯಕೃತ್ತಿನ ಕಾಯಿಲೆ ನೋಡುವ ವೈದ್ಯರು ಒಂದೆಡೆ ಸೇರುವ ಪರಿಪಾಠ ಹಳೆಯದು. ಅಮೆರಿಕದಲ್ಲಿ 1897ರಲ್ಲಿ, ಬ್ರಿಟನ್ನಿನಲ್ಲಿ 1937ರಲ್ಲಿ ಇಂಥ ಸಂಘಗಳು ಹುಟ್ಟಿದವು. 1958ರಲ್ಲಿ ವಿಶ್ವ ಸಂಸ್ಥೆಯೊಂದು ರೂಪುಗೊಂಡಿತು. ಅದರ ನೆನಪಿಗೆ ಮೇ 29ನ್ನು ವಿಶ್ವ ಜೀರ್ಣಾಂಗ ಆರೋಗ್ಯ ದಿನವಾಗಿ ಆಚರಿಸಲಾಗುತ್ತದೆ. ಭಾರತದಲ್ಲಿ ‘ಇಂಡಿಯನ್ ಸೊಸೈಟಿ ಆಫ್ ಗ್ಯಾಸ್ಟ್ರೋಎಂಟರಾಲಜಿ’ ಸ್ಥಾಪನೆಯಾದದ್ದು 1960ರಲ್ಲಿ. ಅದರ ವೈದ್ಯಕೀಯ ಪತ್ರಿಕೆ 1982ರಲ್ಲಿ ಆರಂಭವಾಯಿತು.

ಮಾಡುವ ಕೆಲಸ

ವಾರ್ಷಿಕ ಸಮ್ಮೇಳನ, ಪತ್ರಿಕೆ, ಕಿರಿಯ ವೈದ್ಯರಿಗೆ ತರಬೇತಿ ಇವು ಸಾಮಾನ್ಯ ಕೆಲಸಗಳು. ಎಲ್ಲಕ್ಕಿಂತ ಮುಖ್ಯವಾದದ್ದು ಚಿಕಿತ್ಸಾ ಮಾರ್ಗಸೂಚಿ.

ಕರುಳಿನ ಕ್ಷಯ ಮತ್ತು ‘ಕ್ರೋನ್ಸ್’ ಎಂಬ ಕರುಳಿನ ಉರಿಯೂತ ನೋಡಲು ಅಣ್ಣತಮ್ಮಂದಿರಂತೆ. ಎರಡರಲ್ಲೂ ಹೊಟ್ಟೆನೋವು, ಜ್ವರ, ತೂಕ ಇಳಿಕೆ. ಎಂಡೋಸ್ಕೋಪಿಯಲ್ಲೂ ಹುಣ್ಣುಗಳು ಒಂದೇ ಬಗೆಯಾಗಿ ಕಾಣಬಹುದು. ಆದರೆ ಮದ್ದು ಬೇರೆ. ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಇರುವುದು ಕ್ಷಯವಾಗಿದ್ದರೆ ಅದರಿಂದ ರೋಗ ಉಲ್ಬಣಿಸಬಹುದು. ಕ್ಷಯ ವಿರಳವಾದ ದೇಶಗಳ ಪಠ್ಯಪುಸ್ತಕ ಇಲ್ಲಿ ಸಾಲದು. ಭಾರತದ ಸಂಘ 2015ರಲ್ಲಿ ಕ್ರೋನ್ಸ್ ಕುರಿತು ಇಲ್ಲಿಯದೇ ಮಾರ್ಗಸೂಚಿ ಪ್ರಕಟಿಸಿತು. ಇಂಥ ಸಂಘ ಯಾಕೆ ಬೇಕು ಎಂಬ ಪ್ರಶ್ನೆಗೆ ಇದೇ ಉತ್ತರ.

ಮಾಡದ ಕೆಲಸ

ಸಂಘ ರೋಗಿಗಳನ್ನು ನೋಡುವುದಿಲ್ಲ, ವೃತ್ತಿ ಪರವಾನಗಿ ಕೊಡುವುದಿಲ್ಲ. ಸದಸ್ಯತ್ವ ಪದವಿಯಲ್ಲ. ಎಂ.ಬಿ.ಬಿ.ಎಸ್., ನಂತರ ಎಂ.ಡಿ., ಅದರ ಮೇಲೆ ಮೂರು ವರ್ಷದ ಡಿ.ಎಂ. ಇದು ಉದರರೋಗ ತಜ್ಞರ ಸಾಮಾನ್ಯ ಓದು. ನೋಂದಣಿ ರಾಜ್ಯ ವೈದ್ಯಕೀಯ ಪರಿಷತ್ತಿನದು. ವೈದ್ಯರ ನಡವಳಿಕೆಯ ಬಗ್ಗೆ ದೂರಿದ್ದರೆ ಹೋಗಬೇಕಾದದ್ದೂ ಅಲ್ಲಿಗೇ. ಗೋವಾ ಮತ್ತು ಕರ್ನಾಟಕಕ್ಕೆ ಬೇರೆ ಬೇರೆ ಪರಿಷತ್ತುಗಳಿವೆ. ವೈದ್ಯರು ಯಾವ ರಾಜ್ಯದಲ್ಲಿ ನೋಂದಾಯಿಸಿದ್ದಾರೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಗಡಿ ದಾಟಿ ಬರುವವರಿಗೆ

ರಕ್ತವಾಂತಿ ಅಥವಾ ಡಾಂಬರಿನಂತೆ ಕಪ್ಪು ಮಲ ಕಂಡರೆ ದೂರದ ತಜ್ಞರನ್ನು ಹುಡುಕುತ್ತ ಹೊತ್ತು ಕಳೆಯಬಾರದು. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಾಗಲಿ, ಮಡಗಾಂವ್‌ನಲ್ಲಿ ಜನ ಇಂದಿಗೂ ‘ಹಾಸ್ಪಿಸಿಯೊ’ ಎನ್ನುವ ಜಿಲ್ಲಾ ಆಸ್ಪತ್ರೆಯಾಗಲಿ, ಹತ್ತಿರದ್ದಕ್ಕೆ ಹೋಗಬೇಕು. ಕಾಮಾಲೆ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೂ ಅಂಗಡಿಯ ಗ್ಯಾಸ್ ಮಾತ್ರೆಯಲ್ಲಿ ದಿನ ದೂಡಬಾರದು. ಮೈಕೈನೋವಿಗೆ ತಾವೇ ಕೊಂಡು ನುಂಗುವ ನೋವಿನ ಮಾತ್ರೆ ಕೂಡ ಜಠರದಲ್ಲಿ ಹುಣ್ಣು, ರಕ್ತಸ್ರಾವ ತರಬಲ್ಲದು.

ತಜ್ಞರ ಬಳಿ ಹೋಗುವಾಗ ಹಳೆಯ ಚೀಟಿ, ಎಕ್ಸ್-ರೇ, ಎಂಡೋಸ್ಕೋಪಿ ವರದಿ ಒಂದೇ ಚೀಲದಲ್ಲಿರಲಿ. ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿದ್ದರೆ ಸಂಕೋಚವಿಲ್ಲದೆ ಹೇಳಬೇಕು. ಹಾಗೆ ಹೇಳದಿದ್ದರೆ ತಪ್ಪು ಮದ್ದು ಬೀಳುವ ಅಪಾಯವಿದೆ. ಕ್ಷಯದ ಔಷಧ ಎರಡೂ ರಾಜ್ಯಗಳ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಕೆಲಸಕ್ಕೆಂದು ಊರು ಬದಲಿಸುವವರು ಮಾತ್ರೆ ನಿಲ್ಲಿಸದೆ, ಹೊರಡುವ ಮೊದಲೇ ಆಸ್ಪತ್ರೆಗೆ ತಿಳಿಸಿ ಹೊಸ ಊರಿಗೆ ವರ್ಗಾವಣೆ ಪಡೆಯಬೇಕು.